ಮಗ್ಗದ ಗುಂಡಿ

“ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ನಮ್ಮದೇ ಮನೆಯಿತ್ತು” ಎಂದು ತಾತ ಹೇಳುತ್ತಿದ್ದರು. ಅದೇನಾಯಿತು ಎಂದರೆ “ಹೋಯ್ತು” ಎಂದಷ್ಟೇ ಉತ್ತರ. ಪ್ಲೇಗಿನ ಕಾಲದಲ್ಲಿ ಕೈತಪ್ಪಿರಬೇಕೆಂದು ನಾವೆಲ್ಲ ನಂಬಿದ್ದೆವು. ಕಳೆದ ವರ್ಷ ಆ ಮನೆಯ ಜಾಡು ಹಿಡಿದು ಹೊರಟೆ.

ಹಳೆಯ ಪೇಟೆಯಲ್ಲಿ ಬೀದಿಯ ಹೆಸರೇ ಅರ್ಧ ಇತಿಹಾಸ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಮುಖ್ಯ ಬೀದಿಗಳು ದೊಡ್ಡಪೇಟೆ ಮತ್ತು ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಸುತ್ತಲಿನ ಅಕ್ಕಿಪೇಟೆ, ಅರಳೇಪೇಟೆಗಳಿಗೆ ಸರಕಿನ ಹೆಸರು. ಕುಂಬಾರಪೇಟೆ, ಗಾಣಿಗರಪೇಟೆಗಳಿಗೆ ಕಸುಬಿನವರ ಹೆಸರು. ನೇಕಾರರು ನೆಲೆಸಿದ ಕಬ್ಬನ್‌ಪೇಟೆಗೆ ಮಾತ್ರ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಹೆಸರು. ಅಲ್ಲಿ ನೇಯ್ದವರನ್ನು ಹುಡುಕಲು ಮನೆಯ ಕಾಗದಗಳೇ ಗತಿ.

ಸೋದರತ್ತೆಯ ಟ್ರಂಕಿನಲ್ಲಿ 1899ರ ಒಂದು ಬಾಡಿಗೆ ಕರಾರು ಸಿಕ್ಕಿತು. ಬರೆದುಕೊಟ್ಟವರು ನನ್ನ ಮುತ್ತಾತ; ಹೆಸರಿನ ಮುಂದೆ ‘ದೊಡ್ಡಬಳ್ಳಾಪುರದ ವಾಸಿ’ ಎಂದಿದೆ. ಕೊನೆಯಲ್ಲೊಂದು ಷರತ್ತು: ಮನೆ ಖಾಲಿ ಮಾಡುವಾಗ ಮಗ್ಗದ ಗುಂಡಿಯನ್ನು ಮುಚ್ಚಿಕೊಡತಕ್ಕದ್ದು. ಆ ಬಗೆಯ ಮಗ್ಗಕ್ಕೆ ನೆಲದಲ್ಲಿ ಗುಂಡಿ ತೋಡಬೇಕು; ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಬಾಡಿಗೆ ಮನೆಯ ನೆಲವನ್ನು ಹಾಗೆ ಅಗೆಯಲು ಮಾಲೀಕರ ಒಪ್ಪಿಗೆ ಬೇಕಿತ್ತು.

ತಾರೀಖನ್ನು ಮತ್ತೆ ಮತ್ತೆ ನೋಡಿದೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಪೇಟೆಯ ಇಕ್ಕಟ್ಟಿಗೆ ಪರಿಹಾರವಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅನುಕೂಲವಿದ್ದ ಎಷ್ಟೋ ಜನ ಅತ್ತ ಹೋದರು. ನಮ್ಮವರು ಆ ರೋಗದ ಮರುವರ್ಷವೇ ಮಗ್ಗ ಹೂಡಲು ಜಾಗ ಹುಡುಕಿಕೊಂಡು ಪೇಟೆಯೊಳಕ್ಕೆ ಬಂದಿದ್ದರು. ಪ್ಲೇಗಿನಲ್ಲಿ ಕಳೆದುಕೊಳ್ಳಲು ಅಲ್ಲಿ ಅವರಿಗೆ ಮನೆಯೇ ಇರಲಿಲ್ಲ. ಪೇಟೆ ಬಿಟ್ಟು ಹೋದವರ ಕತೆಯನ್ನು ಎಷ್ಟೋ ಸಲ ಓದಿದ್ದೆ. ಆಗಲೇ ಒಳಬಂದವರೂ ಇದ್ದರು ಎಂಬುದು ಹೊಳೆದಿರಲಿಲ್ಲ.

ಕರಾರನ್ನು ಅತ್ತೆಗೆ ಓದಿ ಹೇಳಿದೆ. ತುಸು ಹೊತ್ತು ಸುಮ್ಮನಿದ್ದರು.

“ಅಪ್ಪ ಸುಳ್ಳು ಹೇಳೋರಲ್ಲ ಕಣೋ” ಎಂದರು. ಆಮೇಲೆ ಕಾಗದ ಮಡಿಸುತ್ತಾ, “ಚಿಕ್ಕ ಹುಡುಗ ಆಗಿದ್ದಾಗ ಆ ಮನೆಗೆ ಮಂಕರಿಯಲ್ಲಿ ಮಣ್ಣು ಹೊತ್ತೆ ಅಂತಿದ್ರು. ಯಾಕೆ ಅಂತ ನಾವು ಯಾರೂ ಕೇಳಲೇ ಇಲ್ಲ” ಎಂದರು.