ಹೆಬ್ಬಾತುಗಳ ಹಿಂಡಿನಲ್ಲಿ ಒಂದು ಸಣ್ಣ ಹಕ್ಕಿ ಬೇರೆ ಕಂಡರೆ ಗುರುತಿಸೋದು ಹೇಗೆ? ಇಲ್ಲಿದೆ ಮಾಹಿತಿ

ಸಿಂಧನೂರು/ಲಿಂಗಸುಗೂರು/ಮಸ್ಕಿ: ಚಳಿ ಶುರುವಾದರೆ ಉತ್ತರ ಕರ್ನಾಟಕದ ಕೆರೆಗಳಿಗೆ ಪಟ್ಟೆ ತಲೆ ಹೆಬ್ಬಾತುಗಳು ಬರ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬೇಸಿಗೆ ಹತ್ತಿರ ಬಂದಂಗೆ ವಾಪಸ್ ಹೋಗ್ತವೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇವುಗಳಿಂದಲೇ ಹೆಸರುವಾಸಿ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿದೆ.

ಇಂಥ ಹಿಂಡು ಕಂಡಾಗ "ಅದರಾಗ ಒಂದು ಸಣ್ಣದು ಬ್ಯಾರೆ ಥರ ಐತಲ್ಲ, ಅದ್ಯಾವುದು?" ಅನ್ನೋ ಪ್ರಶ್ನೆ ಬರೋದು ಸಹಜ. ಹೆಚ್ಚಿನ ಸಲ ಅದು ಅದೇ ಜಾತಿಯ ಎಳೆ ಹಕ್ಕಿ. ಅಪರೂಪಕ್ಕೆ ಮಾತ್ರ ನಿಜವಾಗಿಯೂ ಬೇರೆ ಜಾತಿ. ಎರಡನ್ನೂ ಬೇರೆ ಮಾಡೋದು ಹೀಗೆ.

ಮೊದಲು ಹಿಂಡನ್ನು ನೋಡಿ

ಪಟ್ಟೆ ತಲೆ ಹೆಬ್ಬಾತು ತಿಳಿ ಬೂದು ಬಣ್ಣದ್ದು. ಉದ್ದ ಸುಮಾರು 71ರಿಂದ 76 ಸೆಂ.ಮೀ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರ್ತವೆ. ಕೊಕ್ಕು, ಕಾಲು ಹಳದಿ-ಕಿತ್ತಳೆ. ಈ ಹಕ್ಕಿಯನ್ನೇ ಅಳತೆಗೋಲು ಮಾಡಿಕೊಂಡು ಉಳಿದವನ್ನು ಹೋಲಿಸಿ.

ಪಟ್ಟೆ ಇಲ್ಲದಿದ್ದರೆ ಎಳೆಯದು

ಆ ವರ್ಷ ಹುಟ್ಟಿದ ಹಕ್ಕಿಗೆ ತಲೆಯ ಕಪ್ಪು ಪಟ್ಟೆ ಇರಲ್ಲ. ನೆತ್ತಿ ಮತ್ತು ಕತ್ತಿನ ಹಿಂಭಾಗ ಮಾಸಿದ ಕಂದು-ಬೂದು ಬಣ್ಣ, ಮುಖ ಮಾತ್ರ ತಿಳಿ. ದೊಡ್ಡವುಗಳ ಜತೆ ನಿಂತಾಗ ಬೇರೆ ಜಾತಿ ಅನ್ನಿಸಿಬಿಡುತ್ತೆ. ಮೈ ಬಣ್ಣ ಹಿಂಡಿನ ಹಾಗೇ ತಿಳಿ ಬೂದು, ಕೊಕ್ಕು ಹಳದಿ ಛಾಯೆ ಇದ್ದರೆ ಇದೇ ಅಂತ ತಿಳ್ಕೊಳ್ಳಿ.

ಹಣೆ ಬಿಳಿ, ಕೊಕ್ಕು ಗುಲಾಬಿ ಇದ್ದರೆ

ಮೈ ಗಾಢ ಕಂದು, ಕೊಕ್ಕು ಗುಲಾಬಿ, ಹಣೆ ಬಿಳಿ, ಹೊಟ್ಟೆ ಮೇಲೆ ಕಪ್ಪು ಗೆರೆ ಇದ್ದರೆ ಅದು ಬಿಳಿ ಹಣೆಯ ಹೆಬ್ಬಾತು. ಇದರಲ್ಲಿ ದೊಡ್ಡದು, ಸಣ್ಣದು ಅಂತ ಎರಡು ಜಾತಿ. ಸಣ್ಣದು 53ರಿಂದ 66 ಸೆಂ.ಮೀ. ಅಷ್ಟೇ. ಜಗತ್ತಿನಲ್ಲೇ ಅಳಿವಿನ ಭೀತಿ ಇರುವ ಹಕ್ಕಿ, ಭಾರತದಲ್ಲಿ ತೀರಾ ಅಪರೂಪ. ಅದರ ಗುರುತು:

* ಕಣ್ಣಿನ ಸುತ್ತ ಎದ್ದು ಕಾಣುವ ಹಳದಿ ಉಂಗುರ
* ಬಿಳಿ ಬಣ್ಣ ಹಣೆ ದಾಟಿ ನೆತ್ತಿವರೆಗೂ ಏರಿರುತ್ತೆ
* ಕೊಕ್ಕು ಮೋಟು, ಕತ್ತು ಗಿಡ್ಡ
* ಮಡಿಸಿದ ರೆಕ್ಕೆಯ ತುದಿ ಬಾಲಕ್ಕಿಂತ ಆಚೆ ಚಾಚಿರುತ್ತೆ

ಎಳೆಯದಕ್ಕೆ ಬಿಳಿ ಹಣೆಯೂ ಇರಲ್ಲ, ಹೊಟ್ಟೆ ಗೆರೆಯೂ ಇರಲ್ಲ. ಆದರೆ ಕಣ್ಣಿನ ಹಳದಿ ಉಂಗುರ ಆಗಲೂ ಇರುತ್ತೆ. ಅದಕ್ಕೇ ಮೊದಲು ಕಣ್ಣು ನೋಡಿ.

ಕೊಕ್ಕು, ಕಾಲು ಎರಡೂ ಗುಲಾಬಿ ಇದ್ದು, ಹಕ್ಕಿ ಹಿಂಡಿಗಿಂತ ದಪ್ಪ ಇದ್ದರೆ ಅದು ಬೂದು ಹೆಬ್ಬಾತು.

ಹೆಸರಿಗಷ್ಟೇ ಹೆಬ್ಬಾತು

ಇಂಗ್ಲಿಷಿನಲ್ಲಿ ಕಾಟನ್ ಪಿಗ್ಮಿ ಗೂಸ್ ಅನ್ನೋ ಪುಟ್ಟ ಬಾತು ನಮ್ಮ ಕೆರೆಗಳಲ್ಲೂ ಇರುತ್ತೆ. ಹೆಸರಲ್ಲಿ 'ಗೂಸ್' ಇದ್ದರೂ ಹೆಬ್ಬಾತಲ್ಲ. ಹೆಚ್ಚುಕಡಿಮೆ ಪಾರಿವಾಳದಷ್ಟೇ ಗಾತ್ರ, ಬಿಳಿ ಮುಖ, ತಾವರೆ ಎಲೆ, ಜೊಂಡಿನ ನಡುವೆ ತೇಲಾಡುತ್ತೆ. ಕಂದು ಬಣ್ಣದ ಶಿಳ್ಳೆ ಬಾತು ಹಾರುವಾಗ ಸಿಳ್ಳೆ ಹೊಡೆದಂಗೆ ಕೂಗುತ್ತೆ. ಇವೆರಡನ್ನೂ ಹೆಬ್ಬಾತು ಅಂದ್ಕೋಬೇಡಿ. ಕೊಕ್ಕಿನ ಬುಡದಲ್ಲಿ ಗುಬಟು ಇರುವ ಹೆಬ್ಬಾತು ಮನೆಯಲ್ಲಿ ಸಾಕಿದ್ದು ಇರಬಹುದು.

ಫೋಟೊ ತೆಗೆಯುವಾಗ

ಗಾತ್ರ ಒಂದನ್ನೇ ನಂಬಬೇಡಿ. ದೂರದಲ್ಲಿರುವ, ತಗ್ಗಿನಲ್ಲಿ ನಿಂತ ಹಕ್ಕಿ ಸಣ್ಣದಾಗಿಯೇ ಕಾಣುತ್ತೆ. ಪಕ್ಕದ ಹಕ್ಕಿಯೂ ಫೋಟೊದಲ್ಲಿ ಬರಲಿ. ತಲೆ, ಕೊಕ್ಕು, ಕಾಲು, ಹೊಟ್ಟೆ ಕಾಣಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ. ಕಾಲಿಗೆ ಉಂಗುರ, ಕತ್ತಿಗೆ ಪಟ್ಟಿ ಇದ್ದರೆ ಅದರ ಬಣ್ಣ, ಅಕ್ಷರ ಬರೆದಿಟ್ಟುಕೊಳ್ಳಿ. ಹಕ್ಕಿ ಎಲ್ಲಿಂದ ಬಂತು ಅನ್ನೋದು ಅದರಿಂದಲೇ ಪತ್ತೆಯಾಗುತ್ತೆ. ಈ ವಿವರವನ್ನು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಬಹುದು. ಇ-ಬರ್ಡ್ ಆ್ಯಪ್‌ನಲ್ಲಿ ಫೋಟೊ, ದಿನಾಂಕ, ಜಾಗ ಹಾಕಿದರೆ ದಾಖಲೆ ಆಗುತ್ತೆ.

ಬೆಳೆ, ಬೇಟೆ, ರೋಗ

ಹೆಬ್ಬಾತುಗಳು ಹಗಲು ನೀರಿನ ಹತ್ತಿರ ವಿಶ್ರಾಂತಿ ಪಡೆದು, ಹೆಚ್ಚಾಗಿ ರಾತ್ರಿ ಹೊತ್ತು ಹೊಲಗಳಲ್ಲಿ ಮೇಯ್ತವೆ. ಎಳೆ ಪೈರಿಗೆ ಇಳಿದರೆ ರೈತರಿಗೆ ನಷ್ಟ ಆಗೋದು ಹೌದು. ಸದ್ದು ಮಾಡಿ ಎಬ್ಬಿಸಿ. ಆದರೆ ವಿಷ, ಬಲೆ, ಬಂದೂಕು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಗಳ ಬೇಟೆ ಅಪರಾಧ. ಹಿಂಡಿನಲ್ಲಿ ಅಪರೂಪದ್ದು ಒಂದೇ ಇದ್ದರೂ ವಿಷಕ್ಕೆ ಅದು ಗೊತ್ತಾಗಲ್ಲ.

ಸತ್ತು ಬಿದ್ದ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. 2020ರ ಕೊನೆ, 2021ರ ಆರಂಭದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರದಿಂದ ಸಾವಿರಾರು ವಲಸೆ ಹಕ್ಕಿ ಸತ್ತವು. ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆ ತಲೆ ಹೆಬ್ಬಾತು. ಹಾಗಂತ ಒಂದು ಹಕ್ಕಿ ಸತ್ತ ಮಾತ್ರಕ್ಕೆ ರೋಗ ಬಂತು ಅಂತ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದರೆ ಪೆಟ್ಟು ಬೀಳೋದು ಕೋಳಿ ಅಂಗಡಿಯವರಿಗೆ, ಸಾಕಣೆದಾರರಿಗೆ. ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ, ಪರೀಕ್ಷೆಯ ವರದಿ ಬರೋವರೆಗೆ ಕಾಯಿರಿ.