ಹಿಡಿ: ಕೈಯೂ ಅದೇ, ಕತ್ತಿಯ ಬುಡವೂ ಅದೇ

ಮಡಿಕೇರಿ ಸಮೀಪದ ಗಾಳಿಬೀಡಿನಲ್ಲಿ ಮಳೆ ಹಿಡಿಯಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕತ್ತಿಗೆ ತುಕ್ಕು ಹಿಡಿಯುತ್ತದೆ, ವಯಸ್ಸಾದವರ ಬೆರಳ ಗೆಣ್ಣು ಹಿಡಿದುಕೊಳ್ಳುತ್ತದೆ. ಒದ್ದೆ ಕೈಯಲ್ಲಿ ಕತ್ತಿಯ ಹಿಡಿ ಜಾರುತ್ತದೆ. ಇಷ್ಟೂ ಕಡೆ ದುಡಿಯುವುದು ಒಂದೇ ಪದ: ಹಿಡಿ.

ಹಳಗನ್ನಡದಲ್ಲಿ ಇದು 'ಪಿಡಿ'. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಪಿಡಿಯೂ ನಡುಗನ್ನಡದ ಹೊತ್ತಿಗೆ ಹಿಡಿಯಾಯಿತು. ಕೊಡವರ ಭಾಷೆ ಕೊಡವ ತಕ್ಕ್ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ನಮ್ಮ ಹುತ್ತರಿ ಹಬ್ಬ ಅಲ್ಲಿ ಪುತ್ತರಿ. ನಮ್ಮಲ್ಲೂ 'ಕೈಪಿಡಿ'ಯೊಳಗೆ ಹಳೆಯ ರೂಪ ಉಳಿದಿದೆ. ಮಲಯಾಳದ 'ಪಿಡಿ'ಗೆ ಇಂದಿಗೂ ಮುಷ್ಟಿ ಎಂಬ ಅರ್ಥವೂ ಇದೆ, ಹಿಡಿಕೆ ಎಂಬ ಅರ್ಥವೂ ಇದೆ.

ಕನ್ನಡದಲ್ಲೂ ಹಾಗೆಯೇ. ಮಡಚಿದ ಕೈ ಹಿಡಿ. ಆ ಕೈಗೆ ಸಿಗುವ ಕತ್ತಿಯ ಬುಡವೂ ಹಿಡಿ. ಒಂದು ಹಿಡಿ ಅಕ್ಕಿ ಎಂದರೆ ಅಳತೆಯೂ ಹೌದು. ಆದರೆ ಅಜ್ಜಿಯ ಹಿಡಿ ಬೇರೆ, ಮೊಮ್ಮಗಳ ಹಿಡಿ ಬೇರೆ. ಈ ಪದದಲ್ಲಿ ಅಳತೆಗೋಲು ಮನುಷ್ಯನ ಕೈ, ಅದೂ ಒಬ್ಬೊಬ್ಬರದು ಒಂದೊಂದು ಬಗೆ. ಕಾರ್ಖಾನೆಯ ಸಾಮಾನುಗಳು ಮರೆತದ್ದು ಇದನ್ನೇ. ಗಟ್ಟಿಮುಟ್ಟಾದ ಒಂದೇ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ತೆಳುವಾದ, ನುಣುಪಾದ ಹಿಡಿಗಳನ್ನು ಲಕ್ಷಗಟ್ಟಲೆ ಎರಕ ಹೊಯ್ದರು.

ಆ ಮರೆವನ್ನು ತಿದ್ದಿದವರಲ್ಲಿ ಅಮೆರಿಕದ ಬೆಟ್ಸಿ ಫಾರ್ಬರ್ ಒಬ್ಬರು. ಆಕೆ ವಾಸ್ತುಶಿಲ್ಪಿ, ಕೈಗೆ ಸಂಧಿವಾತ. ತರಕಾರಿಯ ಸಿಪ್ಪೆ ಹೆರೆಯುವ ಸಾಧನವನ್ನು ಬಿಗಿಯಾಗಿ ಹಿಡಿಯುವುದು ಯಾತನೆಯಾಗಿತ್ತು. ಜೇಡಿಮಣ್ಣಿನಲ್ಲಿ ತನ್ನ ಕೈಗೊಗ್ಗುವ ದಪ್ಪ ಹಿಡಿಯನ್ನು ಮಾಡಿ ನೋಡಿದರು. ಪತಿ ಸ್ಯಾಮ್ ಫಾರ್ಬರ್ ಜೊತೆ ಕಟ್ಟಿದ ಆಕ್ಸೊ ಕಂಪನಿ 1990ರಲ್ಲಿ 'ಗುಡ್ ಗ್ರಿಪ್ಸ್' ಹೆಸರಿನಲ್ಲಿ ಅಡುಗೆಮನೆಯ 15 ಸಾಧನಗಳನ್ನು ಮಾರುಕಟ್ಟೆಗೆ ತಂದಿತು. ಮೆತ್ತನೆಯ ಕಪ್ಪು ರಬ್ಬರಿನ ಆ ದಪ್ಪ ಹಿಡಿ ಒದ್ದೆ ಕೈಯಲ್ಲೂ ಜಾರದು. ನೋವಿಲ್ಲದ ಕೈಗಳೂ ಅದನ್ನೇ ಹುಡುಕಿಕೊಂಡು ಬಂದವು.

ಆದರೆ ಜಗತ್ತು ಹೇಳಿದ ಕಥೆ ಬೇರೆ: ನೋಯುವ ಹೆಂಡತಿಗಾಗಿ ಮರುಗಿದ ಗಂಡನ ಆವಿಷ್ಕಾರ ಎಂದು. ಕಲ್ಪನೆ ತನ್ನದಾಗಿದ್ದರೂ ತಾನು ರೋಗಿಯಾಗಿಯೇ ನೆನಪಿನಲ್ಲಿ ಉಳಿಯುತ್ತೇನೆಂಬ ನೋವನ್ನು ಬೆಟ್ಸಿ ಹೇಳಿಕೊಂಡಿದ್ದಾರೆ. ಹಿಡಿ ಕೈಗೆ ಬಂತು, ಹಿಡಿತ ಬರಲಿಲ್ಲ. 'ಹಿಡಿತ'ವೂ ಇದೇ ಬೇರಿನ ಚಿಗುರು. ಜಮೀನಿನ ಒಡೆತನ ಹೇಳುವ 'ಹಿಡುವಳಿ'ಯೂ ಹೌದು.

ಹಿಡಿತವನ್ನು ತಾವೇ ಇಟ್ಟುಕೊಂಡವರೂ ಇದ್ದಾರೆ. ಬಾಲ್ಯದಲ್ಲೇ ಪೋಲಿಯೊ ತಗುಲಿ, ಗಾಲಿಕುರ್ಚಿಯಲ್ಲಿದ್ದು ವಾಸ್ತುಶಿಲ್ಪಿಯಾದ ರೊನಾಲ್ಡ್ ಮೇಸ್ ಸ್ವಂತ ಸಂಸ್ಥೆ ಕಟ್ಟಿದರು; 1985ರಲ್ಲಿ ಸಾರ್ವತ್ರಿಕ ವಿನ್ಯಾಸದ, ಅಂದರೆ ಎಲ್ಲರೂ ಬಳಸುವಂತೆ ರೂಪಿಸುವ ವಿಚಾರವನ್ನು ಮುಂದಿಟ್ಟರು. ಬಾಗಿಲಿಗೆ ತಿರುಗಿಸುವ ದುಂಡು ಗುಂಡಿಯ ಬದಲು ಉದ್ದನೆಯ ಹಿಡಿಕೆ ಇದ್ದರೆ ಬೆರಳಿಲ್ಲದವರು ಮೊಣಕೈಯಿಂದ ಒತ್ತಬಹುದು, ಕೊಡ ಹೊತ್ತವರೂ ಒತ್ತಬಹುದು. ನಮ್ಮ ಬೆಂಗಳೂರಿನಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ 1959ರಲ್ಲೇ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಸ್ಥಾಪಿಸಿದ್ದರು.

ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 43ನೇ ಕಲಮು, ಎಲ್ಲರೂ ಬಳಸಬಲ್ಲ ದಿನಬಳಕೆಯ ವಸ್ತುಗಳ ತಯಾರಿಕೆ, ವಿತರಣೆಯನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ. ಕುಕ್ಕರಿನ ಮುಚ್ಚಳ, ನಲ್ಲಿ, ಔಷಧದ ಬಾಟಲಿ, ತೋಟದ ಕತ್ತಿ ಎಲ್ಲವೂ ಅದರ ವ್ಯಾಪ್ತಿಗೆ ಬರಬೇಕಾದವೇ.

ಕನ್ನಡದಲ್ಲಿ 'ಹಿಡಿಸಿತು' ಎಂದರೆ ಅಳತೆಗೆ ಸರಿಹೋಯಿತು, ಮನಸ್ಸಿಗೂ ಒಪ್ಪಿತು. ಒಂದು ವಸ್ತು ಹಿಡಿಸುತ್ತದೆಯೋ ಇಲ್ಲವೋ ಎಂದು ಹೇಳಬೇಕಾದವರು ಬಳಸುವವರೇ. ಅದಕ್ಕೆಂದೇ ಅಂಗವಿಕಲರನ್ನು ವಸ್ತು ತಯಾರಾದ ಮೇಲೆ ಪರೀಕ್ಷೆಗೆ ಕರೆದರೆ ಸಾಲದು; ಮೊದಲ ನಕ್ಷೆ ಬರೆಯುವಾಗಲೇ ಸಂಬಳ ಕೊಟ್ಟು ಕೂರಿಸಿಕೊಳ್ಳಬೇಕು. ಪೇಟೆಂಟಿನಲ್ಲಿ ಅವರ ಹೆಸರಿರಬೇಕು, ಲಾಭದಲ್ಲಿ ಅವರ ಪಾಲಿರಬೇಕು.