ಕೇಪಿನ ಕೋವಿಗೆ ವಯಸ್ಸಾಗಲಿಲ್ಲ, ಏಕೆ?

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯದಲ್ಲಿ ಗೇಣುದ್ದದ ಕಬ್ಬಿಣದ ಕೊಳವೆಗಳಿವೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯೊಂದರ ಹೂಳು ತೆಗೆದಾಗ ಇಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಹೈದರ್ ಮತ್ತು ಟಿಪ್ಪುವಿನ ಕಾಲದ ಯುದ್ಧ ರಾಕೆಟ್ಟುಗಳೆಂದು ಪುರಾತತ್ವದವರು ಗುರುತಿಸಿದ್ದು ಇವನ್ನೇ. ಕಬ್ಬಿಣದ ಕೊಳವೆಯೊಳಗೆ ಮದ್ದು ಬಿಗಿದು ಹಾರಿಸುವ ಈ ವಿದ್ಯೆಯನ್ನು ನೋಡಿಯೇ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಅಂದರೆ ಮದ್ದು ಮತ್ತು ಕಬ್ಬಿಣದ ವಿದ್ಯೆಯಲ್ಲಿ ಈ ಸೀಮೆ ಆಗ ಜಗತ್ತಿನ ಮುಂದಿನ ಸಾಲಿನಲ್ಲಿತ್ತು. ಇದೇ ಜಿಲ್ಲೆಯ ಅಡಿಕೆ ತೋಟದ ಮನೆಗಳಿಗೆ ಹೋದರೆ ಇನ್ನೊಂದು ಬಗೆಯ ಕಬ್ಬಿಣದ ಕೊಳವೆ ಸಿಗುತ್ತದೆ: ಬಾಯಿಯಿಂದ ಮಸಿ, ಅಂದರೆ ಕಪ್ಪು ಮದ್ದು, ತುಂಬುವ ಕೇಪಿನ ಕೋವಿ. ಜಗತ್ತಿನ ಸೈನ್ಯಗಳು ಈ ಬಗೆಯ ಕೋವಿಯನ್ನು ಕೈಬಿಟ್ಟು ನೂರೈವತ್ತು ವರ್ಷಗಳಾದವು. ಮಲೆನಾಡಿನ ರೈತನ ಕೈಯಲ್ಲಿ ಮಾತ್ರ ಅದು ಇಂದಿಗೂ ಕೆಲಸ ಮಾಡುವ ಸಲಕರಣೆ. ಹಿಂದುಳಿದ ಊರು, ಹಳೆಯ ರೂಢಿ, ಬಡತನ ಎಂದು ಇದಕ್ಕೆ ಕಾರಣ ಹೇಳುವುದು ವಾಡಿಕೆ. ಆ ಉತ್ತರ ತಪ್ಪು ಎಂಬುದು ಈ ಬರಹದ ವಾದ. ಕೇಪಿನ ಕೋವಿಯನ್ನು ಮಲೆನಾಡಿನಲ್ಲಿ ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಕಾನೂನು. ಆದ್ದರಿಂದಲೇ ಅದನ್ನು ಗುಜರಿಗೆ ಹಾಕದೆ ಚರಿತ್ರೆಯ ದಾಖಲೆಯಾಗಿ ಕಾಪಾಡಬೇಕು.

ಮೊದಲು ಕೋವಿಯನ್ನೇ ಹತ್ತಿರದಿಂದ ನೋಡೋಣ. ನಳಿಗೆಯ ಬಾಯಿಂದ ಅಳತೆ ಮಾಡಿದ ಮಸಿ ಸುರಿಯಬೇಕು, ಮೇಲೆ ನಾರಿನ ಉಂಡೆ ಇಟ್ಟು ಗಜದಿಂದ ಜಡಿಯಬೇಕು, ಆಮೇಲೆ ಚರೆ ಅಥವಾ ಗುಂಡು, ಅದು ಉರುಳಿ ಬೀಳದಂತೆ ಮತ್ತೆ ನಾರು. ನಳಿಗೆಯ ಬುಡದಲ್ಲಿ ತೂತುಳ್ಳ ಸಣ್ಣ ತೊಟ್ಟು. ಅದರ ಮೇಲೆ ಟೋಪಿಯಂತೆ ಕೂರುವ ತಾಮ್ರದ ಚೂರೇ ಕೇಪು. ಕುದುರೆ ಎಂಬ ಸುತ್ತಿಗೆ ಬಂದು ಬಡಿದಾಗ ಕೇಪು ಸಿಡಿದು, ಕಿಡಿ ತೊಟ್ಟಿನ ತೂತಿನಿಂದ ಇಳಿದು, ಮಸಿ ಹೊತ್ತಿಕೊಂಡು ಈಡು ಹಾರುತ್ತದೆ. ಬಡಿದರೆ ಸಿಡಿಯುವ ಮದ್ದಿನಿಂದ ಕೋವಿ ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಬತ್ತಿಯ ಕೋವಿಯಾಗಲಿ ಚಕಮಕಿ ಕಲ್ಲಿನ ಕೋವಿಯಾಗಲಿ ಮಳೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಕೇಪು ಮಳೆಯನ್ನು ತಕ್ಕಮಟ್ಟಿಗೆ ಗೆದ್ದಿತು. ಆಗುಂಬೆಯಂಥ ಊರಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ತನ್ನ ಕಾಲಕ್ಕೆ ಕೇಪಿನ ಕೋವಿ ಹೊಚ್ಚ ಹೊಸದು, ಮಲೆನಾಡಿಗೆ ಹೇಳಿ ಮಾಡಿಸಿದಂಥದ್ದು. ಅದನ್ನು ಹುಟ್ಟಿನಿಂದಲೇ ಹಳತು ಎಂಬಂತೆ ನೋಡುವುದು ನಮ್ಮ ಇಂದಿನ ಕಣ್ಣಿನ ದೋಷ.

ಕೇಪು ಅಲ್ಲಿಗೆ ನಿಲ್ಲಲಿಲ್ಲ. 1845ರ ಸುಮಾರಿಗೆ ಪ್ಯಾರಿಸಿನ ಕೋವಿ ತಯಾರಕ ಫ್ಲೋಬೇರ್ ಕೇಪಿನ ಬಾಯಿಗೇ ಸಣ್ಣ ಸೀಸದ ಗುಂಡೊಂದನ್ನು ಸಿಕ್ಕಿಸಿದ. ಸಿಡಿಮದ್ದು, ಗುಂಡು ಎರಡೂ ಒಂದೇ ಚೂರಿನಲ್ಲಿ ಬಂದವು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಅದರ ಬುಡದ ಅಂಚಿನ ಮಡಿಕೆಯಲ್ಲಿ ಸಿಡಿಮದ್ದು, ಒಳಗೆ ಮಸಿ, ತುದಿಯಲ್ಲಿ ಗುಂಡು ಇಟ್ಟು ಪುಟ್ಟ ತೋಟಾ ಮಾಡಿತು. 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂದ ಪಾಯಿಂಟ್ 22 ಲಾಂಗ್ ರೈಫಲ್ ತೋಟಾ ಇಂದಿಗೂ ಅದೇ ಅಳತೆಯಲ್ಲಿದೆ. ನಮ್ಮ ಎನ್‌ಸಿಸಿ ಕೆಡೆಟ್‌ಗಳು ಮೈದಾನದಲ್ಲಿ ಮಲಗಿ ಗುರಿಯಿಡುವ ‘ಪಾಯಿಂಟ್ ಟೂಟೂ’ ಈ ವಂಶದ್ದೇ. ಸುತ್ತಿಗೆ ಅಂಚಿಗೆ ಬಡಿದರೆ ಸಾಕು, ತೋಟಾ ಸಿಡಿಯುತ್ತದೆ. ಖಾಲಿ ತೋಟಾವನ್ನು ಮತ್ತೆ ತುಂಬಲು ಬಾರದು, ಎಸೆಯಬೇಕು. ಎಸೆಯುವಷ್ಟು ಅಗ್ಗವಾಗಿರುವುದೇ ಅದರ ಶಕ್ತಿ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೆರಿಕದಲ್ಲಿ ಅದು ಹೊಲದ ಹುಡುಗರ ಕೋವಿಯಾಯಿತು. ಬೋಯರ್ ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರ ರೈಫಲ್ ಕ್ಲಬ್ಬುಗಳು ಅದನ್ನೇ ಹಿಡಿದು ಬೆಳೆದವು. ಆ ಅಗ್ಗದ ರೈಫಲ್ಲುಗಳನ್ನು ಹುಡುಕಿ, ತುಕ್ಕು ಬಿಡಿಸಿ, ಮರ ತೇದು ಸರಿಪಡಿಸುವ ಹವ್ಯಾಸ ಆ ದೇಶಗಳಲ್ಲಿ ಇಂದು ದೊಡ್ಡದಾಗಿಯೇ ಇದೆ. ಹೀಗೆ ಕೇಪಿನ ಕೋವಿಯೂ ಟೂಟೂವೂ ಒಂದೇ ತಾಯಿಯ ಮಕ್ಕಳು. ಒಂದು ಮಗು ಅಲ್ಲಿ ಬಡವರ ಕೋವಿಯಾಯಿತು, ಇನ್ನೊಂದು ಇಲ್ಲಿ. ಈ ಪಾಲು ಹೇಗಾಯಿತು ಎಂಬುದೇ ನಮ್ಮ ಪ್ರಶ್ನೆ.

ಅದೇ 1857 ನಮ್ಮಲ್ಲಿ ಸಿಪಾಯಿ ದಂಗೆಯ ವರ್ಷ. ದಂಗೆಯ ಕಿಡಿಗಳಲ್ಲಿ ಒಂದಾದ ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿತ್ತು. ಆ ಗೆರೆಯಿಂದ ಗುಂಡು ತಿರುಗುತ್ತಾ ಹೋಗಿ ದೂರದ ಗುರಿ ಮುಟ್ಟುತ್ತದೆ. ರೈಫಲ್ ಎಂಬ ಹೆಸರು ಬಂದಿರುವುದೂ ಆ ಗೆರೆಯಿಂದಲೇ. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಕೊಟ್ಟದ್ದು ನೋಟಕ್ಕೆ ಅದೇ ಎನ್‌ಫೀಲ್ಡಿನಂತಿದ್ದು ಒಳಗೆ ಗೆರೆಯಿಲ್ಲದ ನುಣುಪು ನಳಿಗೆಯ ಕೋವಿ. ಯಾರ ಕೈಗೆ ಎಷ್ಟು ದೂರದ ಗುರಿ ಸಿಗಬೇಕು ಎಂಬುದನ್ನು ಸರ್ಕಾರ ನಳಿಗೆಯ ಒಳಮೈಯಲ್ಲೇ ತೀರ್ಮಾನಿಸಿತು. 1860ರ ಶಸ್ತ್ರ ಕಾಯಿದೆ, ಆಮೇಲೆ ವೈಸರಾಯ್ ಲಿಟ್ಟನ್ನನ ಕಾಲದ 1878ರ ಕಾಯಿದೆ, ಪರವಾನಗಿಯನ್ನು ನಿಯಮವಾಗಿಸಿದವು. ಶಿವಮೊಗ್ಗ ಸೀಮೆಗೆ ಈ ಅಂಜಿಕೆಯ ಬಿಸಿ ಇನ್ನೂ ಮೊದಲೇ ತಟ್ಟಿತ್ತು. 1830–31ರ ಬಿದನೂರು ನಗರ ಸೀಮೆಯ ರೈತ ದಂಗೆಯನ್ನು ನೆಪವಾಗಿಟ್ಟುಕೊಂಡೇ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ಅರಸರಿಂದ ಕಿತ್ತುಕೊಂಡಿತು. ಐವತ್ತು ವರ್ಷದ ನಂತರ, 1881ರಲ್ಲಿ ರಾಜ್ಯವನ್ನು ಮರಳಿಸುವಾಗ ಬರೆದ ಹಸ್ತಾಂತರ ಪತ್ರದಲ್ಲಿ ಶಸ್ತ್ರ ಮತ್ತು ಮದ್ದಿನ ಆಮದಿಗೆ ಕಡಿವಾಣವಿತ್ತು. ಗವರ್ನರ್ ಜನರಲ್ ಹೇಳಿದಾಗಲೆಲ್ಲ ಅವುಗಳ ತಯಾರಿಕೆಯನ್ನು ಮಹಾರಾಜರು ನಿಲ್ಲಿಸಬೇಕೆಂಬ ಷರತ್ತೂ ಇತ್ತು. ಪಕ್ಕದ ಕೊಡಗಿನೊಂದಿಗೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೈಸೂರು, ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಶಸ್ತ್ರ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅದು ಇಂದಿಗೂ ಮುಂದುವರಿದಿದೆ. ಮಳೆ ಅದೇ, ಕಾಡುಹಂದಿ ಅದೇ, ಆಳುವ ಅಧಿಕಾರಿಯೂ ಒಬ್ಬನೇ. ಬೇರೆಯಾಗಿದ್ದು ನಂಬಿಕೆ ಮಾತ್ರ.

ಸ್ವಾತಂತ್ರ್ಯ ಬಂದ ಮೇಲೆ 1878ರ ಕಾಯಿದೆ ಹೋಯಿತು, 1959ರ ಶಸ್ತ್ರ ಕಾಯಿದೆ ಬಂತು. ಅದರ 13ನೆಯ ಕಲಮನ್ನು ನಿಧಾನವಾಗಿ ಓದಬೇಕು. ಬೆಳೆ ರಕ್ಷಣೆಗೆಂದು ಕೇಳಿದವನಿಗೆ ಬಾಯಿಂದ ಮಸಿ ತುಂಬುವ ಕೋವಿಗೆ ಪರವಾನಗಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ. ಪಾಯಿಂಟ್ 22 ರೈಫಲ್ ಆದರೋ, ಸರ್ಕಾರದ ಮಾನ್ಯತೆ ಪಡೆದ ರೈಫಲ್ ಕ್ಲಬ್ಬು ಅಥವಾ ಸಂಘದ ಸದಸ್ಯನಿಗೆ, ಗುರಿಯ ಅಭ್ಯಾಸಕ್ಕೆ. ಒಂದೇ ಕಲಮಿನ ಎರಡು ಉಪವಾಕ್ಯಗಳಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿ ಮುಗಿದುಹೋಗಿದೆ: ಟೂಟೂ ಪೇಟೆಯ ಕ್ಲಬ್ಬಿಗೆ, ಕೇಪು ತೋಟದ ಮನೆಗೆ. ಲಂಡನ್ನಿನ ಅಂಜಿಕೆಯಿಂದ ಹುಟ್ಟಿದ ಗೆರೆಯನ್ನು ದೆಹಲಿ ಅಳಿಸಲಿಲ್ಲ. ಹಂದಿಯಿಂದ ಗದ್ದೆ ಕಾಯಬೇಕಾದ ತೀರ್ಥಹಳ್ಳಿಯ ರೈತ 1960ರ ದಶಕದಲ್ಲೂ 1820ರ ದಶಕದ ತಂತ್ರಕ್ಕೇ ಅರ್ಜಿ ಹಾಕಿದನೆಂದರೆ, ಅದು ಅವನ ಹಿಂದುಳಿದ ಬುದ್ಧಿಯಲ್ಲ. ಅರ್ಜಿ ಹಾಕಲು ಕಾನೂನು ಬಿಟ್ಟಿದ್ದ ದಾರಿ ಅದೇ.

ಹಾಗಲ್ಲ, ಇಲ್ಲಿ ಕೈಗಾರಿಕೆಯೇ ಇರಲಿಲ್ಲ, ಒಳ್ಳೆಯ ಕೋವಿ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು. ಆ ಮಾತಿಗೆ ಭದ್ರಾವತಿಯೇ ಉತ್ತರ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರ ಜನವರಿಯಲ್ಲಿ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು. ವಿಶ್ವೇಶ್ವರಯ್ಯನವರು ಆಡಳಿತದ ಹೊಣೆ ಹೊತ್ತು ನಷ್ಟದ ಕಾರ್ಖಾನೆಯನ್ನು ನೆಟ್ಟಗೆ ನಿಲ್ಲಿಸಿದರು. 1930ರ ದಶಕದಲ್ಲಿ ಅಲ್ಲಿ ಉಕ್ಕೂ ತಯಾರಾಯಿತು. ಮುಂದೆ ಮಿಶ್ರಲೋಹದ ಉಕ್ಕಿಗೆ ಭದ್ರಾವತಿ ಹೆಸರುವಾಸಿಯಾಯಿತು. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಇಂಥ ಉಕ್ಕು ಹರಿಯುತ್ತಿರುವಾಗ, ಲೇತು, ಅಚ್ಚು, ಕುಲುಮೆ ಎಲ್ಲವನ್ನೂ ಬಲ್ಲ ಸಾವಿರಾರು ಕೈಗಳಿರುವಾಗ, ನಳಿಗೆ ಕೊರೆಯಲಾರದಷ್ಟು ವಿದ್ಯೆಗೆ ಬರವಿತ್ತೆಂದು ಹೇಳಲಾಗದು. ರಾಕೆಟ್ಟಿನ ಬಿದನೂರಿಗೂ ಉಕ್ಕಿನ ಭದ್ರಾವತಿಗೂ ನಡುವೆ ರೈತನ ಕೋವಿಯಷ್ಟೇ ಅಲುಗದೆ ನಿಂತಿದ್ದರೆ, ನಿಲ್ಲಿಸಿದ ಕೈಯನ್ನು ಬೇರೆಡೆ ಹುಡುಕಬೇಕು.

ಬಡತನದ ವಾದ ಇದಕ್ಕಿಂತ ಗಟ್ಟಿ. ಮಸಿ, ಚರೆ, ನಾರು ಅಗ್ಗ, ತೋಟಾ ದುಬಾರಿ, ಕೆಟ್ಟರೆ ಊರಿನ ಆಚಾರಿಯೇ ಕೇಪಿನ ಕೋವಿಯ ಕುದುರೆ, ಸ್ಪ್ರಿಂಗು ಸರಿಮಾಡಬಲ್ಲ. ಇದೆಲ್ಲ ನಿಜ. ಕೇಪಿನ ಕೋವಿ ಮನೆಮನೆಗೆ ಹಬ್ಬಿದ್ದಕ್ಕೆ ಬೆಲೆಯೂ ಕಾರಣ. ಆದರೆ ಬೆಲೆ ಅದು ಬಂದದ್ದನ್ನು ವಿವರಿಸುತ್ತದೆ, ಉಳಿದದ್ದನ್ನಲ್ಲ. ಮುಕ್ತ ಪೇಟೆಯಿದ್ದ ಕಡೆ ಅತ್ಯಂತ ಅಗ್ಗದ ತೋಟಾ ಎನಿಸಿಕೊಂಡದ್ದು ಟೂಟೂವೇ. ಬೆಲೆಯೊಂದೇ ತೀರ್ಪು ಕೊಡುವುದಾಗಿದ್ದರೆ ಅದು ಇಲ್ಲಿಗೂ ಬರಬೇಕಿತ್ತು. ಇನ್ನೊಂದು ಸಾಕ್ಷಿಯೂ ಇದೆ. ಮಲೆನಾಡಿನ ಶ್ರೀಮಂತ ಮನೆಗಳಲ್ಲಿ ತೋಟಾಕೋವಿ ಬಹಳ ಹಿಂದೆಯೇ ಇತ್ತು. ‘ಕೇಪಿನ ಕೋವಿ’, ‘ತೋಟಾಕೋವಿ’ ಎಂದು ಜನ ಬೇರೆ ಮಾಡಿ ಕರೆದದ್ದೇ ಹೊಸತನ್ನು ಅವರು ಬಲ್ಲರೆಂಬುದಕ್ಕೆ ಗುರುತು. ಆದರೆ ಆ ತೋಟಾಕೋವಿಯೂ ನುಣುಪು ನಳಿಗೆಯದೇ. ಹಣ ಕೇಪಿನ ಗಡಿ ದಾಟಿಸಿತು, ಕೊರೆದ ಗೆರೆಯ ಗಡಿಯನ್ನು ಮಾತ್ರ ಸಲೀಸಾಗಿ ದಾಟಿಸಲಿಲ್ಲ.

ಇನ್ನು ಎಲ್ಲಕ್ಕಿಂತ ಭಾರವಾದ ಆಕ್ಷೇಪ: ಈ ಕೋವಿ ಕಾಡಿನ ರಕ್ತ ಕುಡಿದದ್ದು, ಅದಕ್ಕೆ ಸಂಗ್ರಹಾಲಯದ ಮರ್ಯಾದೆ ಏಕೆ? ಬೆಳೆ ರಕ್ಷಣೆಯ ಹೆಸರಿನಲ್ಲಿ ಷಿಕಾರಿ ನಡೆದದ್ದನ್ನು ಮುಚ್ಚಿಡಬೇಕಿಲ್ಲ. ಹಳು ಸೋಯುವುದು (ಪೊದೆ ಬಡಿದು ಬೇಟೆ ಎಬ್ಬಿಸುವುದು), ಮರಸು ಕೂರುವುದು (ಮರೆಯಲ್ಲಿ ಕಾದು ಕೂರುವುದು) ಮಲೆನಾಡಿನ ಬದುಕಿನ ಭಾಗವೇ ಆಗಿತ್ತು; ಕುವೆಂಪು ಅವರ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಕೊನೆ ಹಾಡಲು ಹೊರಟದ್ದು ಸರಿಯಾಗಿಯೇ ಇದೆ, ಆ ಕಾಯಿದೆ ಇನ್ನೂ ಬಿಗಿಯಾಗಿ ನಡೆಯಲಿ. ಆದರೆ ಒಂದು ವಸ್ತುವನ್ನು ಕಾಪಾಡುವುದೆಂದರೆ ಅದು ಮಾಡಿದ್ದನ್ನೆಲ್ಲ ಹೊಗಳುವುದಲ್ಲ. ಹಂದಿ, ಮಂಗ, ಕಾಟಿಯ ಎದುರು ವರ್ಷದ ಬೆಳೆ ಉಳಿಸಿಕೊಳ್ಳಲು ರಾತ್ರಿಯಿಡೀ ಮಾಳದ ಮೇಲೆ ಕೂತವನ ಕತೆಯೂ, ತಿನ್ನಲೆಂದು ಕಡವೆ ಹೊಡೆದವನ ಕತೆಯೂ ಅದೇ ನಳಿಗೆಯಲ್ಲಿವೆ. ಇಂದು ಆ ಕೋವಿಯ ನ್ಯಾಯವಾದ ಕೆಲಸ ಬಹುಮಟ್ಟಿಗೆ ಸದ್ದು ಮಾಡಿ ಓಡಿಸುವುದು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದು, ಫಸಲಿನ ಹೊತ್ತಿಗೆ ಕೈ ಬರಿದಾಯಿತೆಂದು ರೈತರು ದೂರುವುದೂ ಅದೇ ಹಳೆಯ ಅಪನಂಬಿಕೆಯ ಇತ್ತೀಚಿನ ಅಧ್ಯಾಯ. ಕೋವಿಯನ್ನು ಕರಗಿಸಿಬಿಟ್ಟರೆ ಈ ವ್ಯಾಜ್ಯದ ಮುಖ್ಯ ಸಾಕ್ಷಿಯೇ ಇಲ್ಲವಾಗುತ್ತದೆ.

ಹಾಗಾದರೆ ಕಾಪಾಡುವುದು ಹೇಗೆ? ಕಪ್ಪು ಮಸಿ ಉರಿದ ಮೇಲೆ ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಮಲೆನಾಡಿನ ಆಷಾಢದಲ್ಲಿ ತೊಳೆಯದೆ ಬಿಟ್ಟ ನಳಿಗೆ ಬೇಗನೆ ಕೆಂಪಾಗುತ್ತದೆ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರುವ ಹಳೆಯ ಪದ್ಧತಿಯ ಹಿಂದೆ ಇರುವುದು ಈ ತಿಳಿವಳಿಕೆ. ಸಂಗ್ರಹಕಾರನೂ ಅಷ್ಟಕ್ಕೇ ನಿಲ್ಲಬೇಕು. ಮರಳು ಕಾಗದ ಹಿಡಿದು ಫಳಫಳ ಹೊಳೆಯುವಂತೆ ಉಜ್ಜಿದರೆ ತುಕ್ಕಿನ ಜೊತೆ ಚರಿತ್ರೆಯೂ ಉದುರುತ್ತದೆ. ನಳಿಗೆಯ ಬುಡದ ಮುದ್ರೆಗಳನ್ನು ನೋಡಿ: ಅಗ್ಗದ ಕೋವಿಗಳನ್ನು ಜಗತ್ತಿಗೆಲ್ಲ ಕಳಿಸಿದ ಬರ್ಮಿಂಗ್‌ಹ್ಯಾಮ್, ಬೆಲ್ಜಿಯಮ್ಮಿನ ಲಿಯೇಜ್ ಊರುಗಳ ಪರೀಕ್ಷಾ ಗುರುತು ಇರಬಹುದು, ನಮ್ಮ ಬಿಹಾರದ ಮುಂಗೇರಿನ ಹೆಸರಿರಬಹುದು, ಪಕ್ಕದಲ್ಲಿ ಕೊರೆದ ಸಂಖ್ಯೆ. ಒಡೆದ ಹಿಡಿಗೆ ಸುತ್ತಿದ ತಂತಿ, ಬೇರೆ ಕೋವಿಯಿಂದ ತಂದು ಕೂರಿಸಿದ ಕುದುರೆ, ಆಯುಧಪೂಜೆಯ ಕುಂಕುಮ ಸಂದುಗಳಲ್ಲಿ ಕಪ್ಪಾಗಿ ಉಳಿದದ್ದು, ಇವು ದೋಷಗಳಲ್ಲ. ಒಂದು ಮನೆಯ ಮೂರು ತಲೆಮಾರಿನ ಕೈಬರಹವೇ ಇವು.

ಅಪಾಯದ ಮಾತೂ ಉಂಟು: ಹಳೆಯ ಕೋವಿ ಸರಿಪಡಿಸುವ ಹವ್ಯಾಸ ಕಳ್ಳಕೋವಿಗೆ ದಾರಿಯಾಗದೇ? ಈ ಭಯಕ್ಕೆ ಆಧಾರವಿದೆ. ಅದಕ್ಕೆ ಕಾನೂನೇ ಒಂದು ದಾರಿಯನ್ನೂ ತೋರಿಸಿದೆ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲಾಗದ ಆಯುಧಕ್ಕೆ 1959ರ ಕಾಯಿದೆಯ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಅಂದರೆ ಇಲ್ಲಿ ‘ಸರಿಪಡಿಸು’ ಎಂಬ ಮಾತಿಗೆ ಅಮೆರಿಕದ ಹವ್ಯಾಸಿಯ ಅರ್ಥ ಕೂಡದು. ಈಡು ಹಾರುವಂತೆ ಮಾಡುವುದು ನಮ್ಮ ಗುರಿಯಲ್ಲ. ವಾರಸುದಾರರು ಬೇಡವೆಂದು ಪೊಲೀಸರಿಗೆ ಒಪ್ಪಿಸಿದ ಕೋವಿಗಳಲ್ಲಿ ಕೆಲವನ್ನಾದರೂ ಅಧಿಕಾರಿಗಳ ಒಪ್ಪಿಗೆಯಿಂದ, ಇನ್ನೆಂದೂ ಹಾರದಂತೆ ಮಾಡಿ, ಪರವಾನಗಿ ಪುಸ್ತಕದ ಪ್ರತಿಯ ಸಮೇತ ಸಂಗ್ರಹಾಲಯಕ್ಕೆ ಕೊಡಿಸಬೇಕು. ಯಾವ ಊರು, ಯಾವ ಬೆಳೆ, ಯಾವ ವರ್ಷ ಎಂಬುದು ಬರೆದಿಟ್ಟಿರಬೇಕು.

ಶಿವಪ್ಪ ನಾಯಕ ಅರಮನೆಯಲ್ಲಿ ಬಿದನೂರಿನ ರಾಕೆಟ್ಟುಗಳ ಮಗ್ಗುಲಲ್ಲಿ ಅಂಥ ಒಂದು ಕೇಪಿನ ಕೋವಿ ಇರಬೇಕು, ಅದರ ಜೊತೆಗೆ ಭದ್ರಾವತಿಯ ಉಕ್ಕಿನ ಒಂದು ತುಂಡು. ಮೂರನ್ನೂ ಒಟ್ಟಿಗೆ ನೋಡಿದ ಶಾಲೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿರುತ್ತದೆ: ರಾಕೆಟ್ಟು ಮಾಡಿದ ಊರು, ಉಕ್ಕು ಕರಗಿಸಿದ ಊರು, ಗದ್ದೆ ಕಾಯುವವನಿಗೆ ಇಷ್ಟು ಹಳೆಯ ಕೋವಿ ಏಕೆ ಕೊಟ್ಟಿತು? ಉತ್ತರವಾಗಿ ಗೋಡೆಯ ಮೇಲೆ 1959ರ ಕಾಯಿದೆಯ 13ನೆಯ ಕಲಮನ್ನು ಕನ್ನಡದಲ್ಲಿ ಬರೆದು ತೂಗುಹಾಕಿದರೆ ಸಾಕು.